ಸೋಮನಾಥಪುರದ ದೇವಾಲಯವೂ ಅದರ ರೂವಾರಿಗಳೂ

ಮೈಸೂರು ನಗರದಿಂದ ಬನ್ನೂರಿನ ಮಾರ್ಗವಾಗಿ ಸುಮಾರು 35 ಕಿಲೋಮೀಟರು ಸಾಗಿದರೆ ಕಾವೇರಿಯ ದಡಕ್ಕೆ ಸಮೀಪವಾದ ಸೋಮನಾಥಪುರವೆಂಬ ಗ್ರಾಮವು ದೊರೆಯುವುದು. ಶ್ರೋತೃಗಳಲ್ಲಿ ಅನೇಕರು ಅಲ್ಲಿಯ ಕೇಶವ ದೇವಾಲಯವನ್ನು ಕಂಡವರೇ ಆಗಿರಬಹುದು. ಆದರೆ ನಾವು ಅಲ್ಲಿಗೆ ಹೋದಾಗ ಸಾಮಾನ್ಯವಾಗಿ ಮಾಡುವುದೇನು? ಮಹಾದ್ವಾರದ ಮಂಟಪದಲ್ಲಿ ನಿಂತಿರುವ ಶಾಸನದ ಕಲ್ಲನ್ನು ಹಾಗೆಯೇ ದಾಟಿಹೋಗಿ, ಒಳಗಿನ ಶಿಲ್ಪವನ್ನು ಕಂಡು ಬೆರಗಾಗಿ ಹಿಂದಿರುಗುವೆವು. ಅಲ್ಲಿಯ ಬರೆಹಗಳನ್ನೂ ಲಕ್ಷ್ಯಕ್ಕೆ ತಂದುಕೊಂಡರೆ ಆ ಶಿಲ್ಪವೇ ನಮಗೆ ಬೇರೊಂದು ಬಗೆಯಾಗಿ ತೋರುವುದೆಂಬುದೇ ಈ ಭಾಷಣದ ವಿಷಯ.

13ನೆಯ ಶತಮಾನದಲ್ಲಿ ಹೊಯ್ಸಳ ದೊರೆ ಮೂರನೆಯ ನರಸಿಂಹನು (1254–1291) ಆಳುತ್ತಿದ್ದಾಗ, ಅವನ ದಂಡನಾಯಕನಾದ ಸೋಮನಾಥನು ತನ್ನ ಹೆಸರಿನಲ್ಲಿ ಇಲ್ಲಿ ಒಂದು ಅಗ್ರಹಾರವನ್ನು ಸ್ಥಾಪಿಸಿದನು. ಶಿವನ ಹೆಸರನ್ನು ಹೊತ್ತ ಈತನು ವಿಷ್ಣುವಿಗೆ ಕೇಶವಾಲಯವನ್ನು ಕಟ್ಟಿಸಿದನು. ಶಿವನಿಗೆ ಕಣಶಿಲೆಯ ಪಂಚಲಿಂಗ ದೇವಾಲಯವನ್ನು ಕಟ್ಟಿಸಿದನು. ಮಹಾದ್ವಾರದ ಶಾಸನವು ಈ ಅಗ್ರಹಾರದ ಸ್ಥಾಪನೆಯನ್ನೂ ದೇವರ ಸೇವೆಗಾಗಿ ಬಿಟ್ಟ ದತ್ತಿಗಳನ್ನೂ ತಿಳಿಸುವುದು. ಆದುದರಿಂದ ಇದು ಅರಣ್ಯದ ನಡುವೆ ಒಂಟಿಯಾಗಿ ಎದ್ದ ಅಲಂಕಾರದ ಕಟ್ಟಡವಲ್ಲ. ಊರೂ ಗುಡಿಯೂ ಒಂದೇ ಸಂಕಲ್ಪದಿಂದ ಹುಟ್ಟಿದುವು. ಗುಡಿಯ ದೀಪವು ಉರಿಯುವುದಕ್ಕೆ ಊರಿನ ಹೊಲಗದ್ದೆಗಳು ಬೆಳೆಯಬೇಕಾಗಿದ್ದುವು.

ಇನ್ನು ಕಟ್ಟಡವನ್ನು ನೋಡೋಣ. ಇದು ತ್ರಿಕೂಟಾಚಲ, ಎಂದರೆ ಮೂರು ಗರ್ಭಗೃಹಗಳ ದೇವಾಲಯ. ಪಶ್ಚಿಮದ ಗರ್ಭಗೃಹವು ಕೇಶವನದು, ಉತ್ತರದ್ದು ಜನಾರ್ದನನದು, ದಕ್ಷಿಣದ್ದು ವೇಣುಗೋಪಾಲನದು. ಮೂರರ ಮೇಲೂ ನಕ್ಷತ್ರಾಕಾರದ ಶಿಖರಗಳಿವೆ. ಗೋಡೆಯನ್ನು ನೇರವಾಗಿ ಎತ್ತದೆ ಮೂಲೆಮೂಲೆಯಾಗಿ ಮುರಿದುದರಿಂದ ಎರಡು ಪ್ರಯೋಜನಗಳಾದುವು: ಮೂರ್ತಿಗಳನ್ನು ನಿಲ್ಲಿಸಲು ಹೆಚ್ಚು ಸ್ಥಳವು ದೊರೆಯಿತು, ಸೂರ್ಯನು ಚಲಿಸಿದಂತೆ ನೆರಳುಬೆಳಕುಗಳು ಗೋಡೆಯ ಮೇಲೆ ಸದಾ ಬದಲಾಗತೊಡಗಿದುವು. ದೇವಾಲಯವು ನಿಂತಿರುವ ಜಗತಿಯೂ ಅದೇ ಆಕಾರವನ್ನು ಅನುಸರಿಸಿದೆ. ಆ ಜಗತಿಯೇ ಪ್ರದಕ್ಷಿಣಪಥ. ಅದರ ಮೇಲೆ ನಡೆಯುವ ಭಕ್ತನು ಆನೆ, ಕುದುರೆ, ಲತೆ, ಪುರಾಣಕಥೆ, ಮಕರ, ಹಂಸ ಎಂಬ ಪಟ್ಟಿಕೆಗಳನ್ನು ನೋಡುತ್ತ, ದಕ್ಷಿಣದಲ್ಲಿ ರಾಮಾಯಣವನ್ನೂ ಪಶ್ಚಿಮದಲ್ಲಿ ಭಾಗವತವನ್ನೂ ಉತ್ತರದಲ್ಲಿ ಭಾರತವನ್ನೂ ಕ್ರಮವಾಗಿ ಕಂಡುಕೊಳ್ಳುವನು. ಅಕ್ಷರವನ್ನು ಅರಿಯದವನಿಗೂ ಅದು ಗ್ರಂಥವಾಗಿದ್ದಿತು. ಇಷ್ಟು ಸೂಕ್ಷ್ಮವಾದ ಕೆಲಸವು ಸಾಧ್ಯವಾದುದು ಬಳಪದ ಕಲ್ಲಿನಿಂದ. ಗಣಿಯಿಂದ ತೆಗೆದಾಗ ಅದು ಮೃದುವಾಗಿದ್ದು ಉಳಿಗೆ ಸುಲಭವಾಗಿ ಒಗ್ಗುವುದು. ಗಾಳಿಗೆ ಒಡ್ಡಿದ ಮೇಲೆ ಕ್ರಮೇಣ ಗಟ್ಟಿಯಾಗುವುದು. ಒಳಗಿನ 16 ಭುವನೇಶ್ವರಿಗಳು ಒಂದರಂತೆ ಇನ್ನೊಂದಿಲ್ಲ. ಕೆಲವುಗಳ ನಡುವೆ ಬಾಳೆಯ ಹೂವಿನ ಮೊಗ್ಗು ತಲೆಕೆಳಗಾಗಿ ತೂಗುತ್ತಿರುವಂತೆ ತೋರುವುದು.

ಗೋಡೆಯ ಮೂರ್ತಿಗಳ ಪೀಠಗಳನ್ನು ಈಗ ಬಾಗಿ ನೋಡಬೇಕು. ಅಲ್ಲಿ ಕೆತ್ತಿದವರ ಹೆಸರುಗಳಿವೆ: ಮಲ್ಲಿತಮ್ಮ, ಬಾಲೆಯ, ಚೌಡೆಯ, ಮಸಣಿತಮ್ಮ, ನಂಜಯ. ಇವರಲ್ಲಿ ಮಲ್ಲಿತಮ್ಮನೇ ಅಗ್ರಗಣ್ಯನು. ಸುಮಾರು 40 ಮೂರ್ತಿಗಳು ಅವನವು. ಕೆಲವೆಡೆ ಅವನು ಪೂರ್ಣವಾಗಿ ಬರೆಯದೆ ‘ಮಲ್ಲಿ’ ಎಂದಷ್ಟೇ, ಮತ್ತೆ ಕೆಲವೆಡೆ ‘ಮ’ ಎಂದಷ್ಟೇ ಬರೆದಿರುವನು. ನುಗ್ಗೇಹಳ್ಳಿಯಲ್ಲಿ 1246ರಲ್ಲಿ ನಿರ್ಮಿತವಾದ ದೇವಾಲಯದಲ್ಲಿಯೂ ಈ ಹೆಸರೇ ಕಾಣುವುದು. ಯೂರೋಪಿನ ಹಳ್ಳಿಗಳಲ್ಲಿ ಅದೇ ಶತಮಾನಗಳಲ್ಲಿ ಎದ್ದ ಚರ್ಚುಗಳ ಕಲ್ಲುಗಳ ಮೇಲೆ ಕಲ್ಲುಕುಟಿಗರ ಗುರುತುಗಳಿವೆ. ಅವು ಬಹುಮಟ್ಟಿಗೆ ಗೆರೆಕೋನಗಳ ಸಂಕೇತಗಳು. ಅವುಗಳಿಂದ ಆ ಮನುಷ್ಯನನ್ನು ಹೆಸರು ಹಿಡಿದು ಕರೆಯಲು ನಮಗೆ ಸಾಧ್ಯವಿಲ್ಲ. ನಮ್ಮ ರೂವಾರಿಯನ್ನಾದರೋ ಏಳು ಶತಮಾನಗಳು ಕಳೆದ ಮೇಲೆಯೂ ಹೆಸರಿನಿಂದ ಕರೆಯಬಲ್ಲೆವು.

ಹಾಗೆ ಕರೆಯಬಲ್ಲೆವಾದರೆ ಅದಕ್ಕೆ ಕಾರಣರಾದವರನ್ನೂ ಸ್ಮರಿಸುವುದು ಯುಕ್ತ. ಬಿ. ಎಲ್. ರೈಸ್ ಅವರು ಮೈಸೂರು ಜಿಲ್ಲೆಯ ಶಾಸನಗಳನ್ನು 1894ರಲ್ಲಿ ಅಚ್ಚುಮಾಡಿಸಿದರು. ಆರ್. ನರಸಿಂಹಾಚಾರ್ ಅವರು ಮೈಸೂರು ಸಂಸ್ಥಾನದ ಪ್ರಾಕ್ತನ ಶೋಧನ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದಾಗ 1917ರಲ್ಲಿ ಈ ದೇವಾಲಯವೊಂದನ್ನೇ ಕುರಿತು ಪ್ರತ್ಯೇಕ ಗ್ರಂಥವನ್ನು ಪ್ರಕಟಿಸಿದರು. 2023ರಲ್ಲಿ ಬೇಲೂರು, ಹಳೇಬೀಡುಗಳೊಡನೆ ಸೋಮನಾಥಪುರವೂ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

ಆದರೂ ಒಂದು ಮಾತನ್ನು ಮರೆಯುವಂತಿಲ್ಲ. ಯಾವ ಕೇಶವನಿಗಾಗಿ ಇಷ್ಟೆಲ್ಲ ಎದ್ದಿತೋ ಆ ಮೂಲಮೂರ್ತಿಯು ಇಂದು ಇಲ್ಲ. ಅದರ ಸ್ಥಾನದಲ್ಲಿ ಈಚಿನ ಮೂರ್ತಿಯೊಂದಿದೆ. ಪೂಜೆಯು ನಿಂತುಹೋಗಿದೆ. ಅಂಗಳವನ್ನು ಸುತ್ತುವರಿದ 64 ಗೂಡುಗಳು ಬರಿದಾಗಿವೆ. ಶಾಸನವು ಹೇಳಿದ ದತ್ತಿಗಳು ಕಲ್ಲಿನ ಮೇಲೆ ಮಾತ್ರ ಉಳಿದಿವೆ. ಕಲ್ಲನ್ನು ಕಾಪಾಡುವ ಕೆಲಸವನ್ನು ಸರ್ಕಾರವು ವಹಿಸಿಕೊಳ್ಳಬಹುದು. ಅದು ಒಂದು ಊರಿನ ಬಾಳಿನ ಕೇಂದ್ರವಾಗಿದ್ದಿತೆಂಬ ತಿಳಿವಳಿಕೆಯನ್ನು ಕಾಪಾಡಬೇಕಾದವರು ನಾವು. ಮುಂದಿನ ಸಲ ಅಲ್ಲಿಗೆ ಹೋದಾಗ ಮಹಾದ್ವಾರದ ಬಳಿ ಸ್ವಲ್ಪ ಹೊತ್ತು ನಿಲ್ಲೋಣ. ಜಗತಿಯನ್ನು ಸುತ್ತುವಾಗ ಒಂದೆರಡು ಪೀಠಗಳ ಬಳಿ ಬಾಗಿ, ಮಲ್ಲಿತಮ್ಮನ ಹೆಸರನ್ನು ನಮ್ಮ ಮಕ್ಕಳಿಗೆ ಓದಿಹೇಳೋಣ.