ತಗ್ಗಿನ ಗಾಡಿ, ಎತ್ತರದ ಕಟ್ಟಿ

ಹೋದ ವರ್ಷ ಮಗನ ಮನಿಗೆ ಅಂತ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಹೋಗಿದ್ದೆ. ಐದು ತಿಂಗಳು ಇದ್ದೆ. ಅಲ್ಲೆ ಅಡಗಿಮನಿ ಖಿಡಕಿ ರಸ್ತಾದ ಕಡೆ ಅದ. ಮೊದಲನೇ ರವಿವಾರ ಸಂಜಿಮುಂದ ಸಾರಿಗೆ ಒಗ್ಗರಣಿ ಹಾಕಲಿಕ್ಕೆ ಹತ್ತಿದ್ದೆ, ಹೊರಗ 'ಕರ್ರ್' ಅಂತ ಸಪ್ಪಳಾತು. ಹಂಚಿನ ಮ್ಯಾಲೆ ಕಬ್ಬಿಣ ತಿಕ್ಕಿದಂಗ. ನೋಡತೀನಿ, ಎದುರು ಮನಿ ಅಜ್ಜಾರು ಒಂದು ಉದ್ದನ ಹಳೇ ಗಾಡಿ ಒಳಗ ತರಲಿಕ್ಕೆ ಹತ್ತಾರ. ಗಾಡಿ ಅಂದ್ರ ಎಷ್ಟು ತಗ್ಗು ಅಂತೀರಿ, ಹೊಟ್ಟಿ ನೆಲಕ್ಕ ಹಚ್ಚಿ ಮಲಗಿದಂಗ ಇತ್ತು. ನೆಟ್ಟಗ ಒಳಗ ತರವಲ್ಲರು, ರಸ್ತಾಕ್ಕ ಅಡ್ಡಡ್ಡ ತಂದು, ನಿಂದ್ರಿಸಿ, ಮತ್ತ ಹಿಂದ ತಗೊಂಡು, ಮತ್ತ ಅಡ್ಡ. "ಕುಡದಾರೇನೋ ಪಾಪ" ಅಂದೆ. ಮಗ ನಕ್ಕ. "ಇಲ್ಲಮ್ಮಾ, ಹಂಗ ತಂದ್ರನ ಅದು ಒಳಗ ಬರತದ" ಅಂದ.

ಮುಂದಿನ ರವಿವಾರ ನಾನು ಬೇಕಂತಲೇ ಹೊರಗ ಹೋಗಿ ನಿಂತೆ. ಅವರ ಹೆಂಡತಿ ಫುಟಪಾತಿನ ಮ್ಯಾಲೆ ಬಗ್ಗಿ ಗಾಡಿ ಕೆಳಗ ನೋಡಕೋತ ಕೈ ಮಾಡತಿದ್ಲು. ಇದು ನಮಗ ಗೊತ್ತಿದ್ದ ಕೆಲಸ ನೋಡ್ರಿ. ನಮ್ಮನಿಯವರು ಗಾಡಿ ಹಿಂದ ತಗೊಳ್ಳುಮುಂದ "ಬರ್ಲಿ, ಬರ್ಲಿ, ಸಾಕ್ರಿ" ಅಂತ ಒದರಿ ಒದರಿ ನನ್ನ ಗಂಟಲು ಹರದದ.

ಅಲ್ಲಿ ರಸ್ತಾದ ಅಂಚಿಗೆ ಒಂದು ಸಣ್ಣ ತಗ್ಗು, ಮಳಿ ನೀರು ಹರೀಲಿಕ್ಕೆ. ತಗ್ಗು ಮುಗಿದ ಕೂಡ್ಲೆ ಕಾಂಕ್ರೀಟಿನ ಅಂಚು, ಅಲ್ಲಿಂದ ಮನಿ ಕಡೆ ಏರು. ನೆಟ್ಟಗ ಬಂದ್ರ ಮುಂದಿನ ಎರಡೂ ಗಾಲಿ ಒಮ್ಮೆಲೆ ತಗ್ಗಿನ್ಯಾಗ ಇಳೀತಾವ, ಗಾಡಿ ಮೂತಿ ಹೋಗಿ ಏರಿಗೆ ಬಡೀತದ. ಹೆಂಗೋ ಮೂತಿ ದಾಟಿತು ಅನ್ರಿ, ನಡುವಿನ ಹೊಟ್ಟಿ ಅಂಚಿನ ಮ್ಯಾಲೆ ಕೂಡತದ. ಹೊಟ್ಟಿನೂ ದಾಟಿದ್ರ ಕಡೀಗೆ ಬಾಲ ತಿಕ್ಕತದ. ಅದಕ್ಕ ಅಡ್ಡ ತರೂದು. ಒಂದು ಗಾಲಿ ಮೊದಲು ಏರತದ, ಅದು ಆ ಕಡಿ ಮೂತಿನ ಎತ್ತಿ ಹಿಡೀತದ, ಆಮ್ಯಾಲೆ ಎರಡನೇದು. ಒಂದೊಂದ ಗಾಲಿ ಏರಿ, ಇಡೀ ಗಾಡಿ ಹೊಳ್ಳಾಡಿಕೋತ ಒಳಗ ಹೋಗತದ. ಬ್ರೇಕ್ ಜೋರಾಗಿ ಒತ್ತಬಾರದು, ಒತ್ತಿದ್ರ ಮೂತಿ ಮತ್ತ ಕೆಳಗ ಬಾಗತದ. ಇಷ್ಟಾದ್ರೂ ತಿಕ್ಕಿದ್ರ ಎರಡು ಹಲಗಿ. ಅಂಚು ತಾಸಿದ್ದ ಕಟಗಿ ಹಲಗಿನ ಗಾಲಿ ಮುಂದ ಇಟ್ಟು ಏರಸ್ತಾರ. ಅವು ಯಾವಾಗಲೂ ಡಿಕ್ಕಿಯೊಳಗನ ಇರತಾವ.

ಇಷ್ಟ ತ್ರಾಸು ಇದ್ರ ಗಾಡಿ ಯಾಕ ತಗ್ಗ ಮಾಡಬೇಕು? ನಾನೂ ಇದನ್ನ ಕೇಳಿದೆ. ಅಜ್ಜಾರು ಒಂದು ತಾಸು ಹೇಳಿದ್ರು, ಮಗ ನಡುವ ನಿಂತು ಕನ್ನಡಾ ಮಾಡಿದ. ಉಳಿದಿದ್ದು ಆಮ್ಯಾಲೆ ನಾನ ಲೈಬ್ರರಿಯೊಳಗ ಸೊಸಿ ಕೂಡ ಕೂತು ಓದಿಸಿಕೊಂಡೆ.

ಇದು ಅಲ್ಲಿಯ ಮೆಕ್ಸಿಕನ್ ಮೂಲದ ಜನ ಹುಟ್ಟಿಸಿದ ಗಾಡಿ. ಎರಡನೇ ಮಹಾಯುದ್ಧ ಮುಗದಮ್ಯಾಲೆ ಹುಡುಗರು ಹಳೇ ಗಾಡಿ ತಗೊಂಡು ತಾವ ರಿಪೇರಿ ಮಾಡಕೋತಿದ್ರು. ಬ್ಯಾರೆ ಹುಡುಗರು ಗಾಡಿ ಜೋರು ಓಡಿಸಿದ್ರ, ಇವರು ತಗ್ಗು ಮಾಡಿ ಸಾವಕಾಶ ಓಡಿಸ್ತಿದ್ರು. ಮೊದಲು ಡಿಕ್ಕಿಯೊಳಗ ಉಸುಕಿನ ಚೀಲ ಇಲ್ಲಾ ಸಿಮೆಂಟಿನ ಚೀಲ ಹೇರತಿದ್ರಂತ, ಆಮ್ಯಾಲೆ ಸ್ಪ್ರಿಂಗ್ ಕತ್ತರಿಸಲಿಕ್ಕೆ ಸುರು ಮಾಡಿದ್ರು. ರವಿವಾರ ಗಾಡಿ ತೊಳದು, ಒರಸಿ, ಮನಿಮಂದಿನ್ನ ಕೂಡಿಸಿಕೊಂಡು ಊರ ರಸ್ತಾದಾಗ ಮೆಲ್ಲಕ ತಿರಗೂದು. ನಂಗ ಕಾರಹುಣ್ಣಿವಿ ನೆನಪಾತು. ಎತ್ತಿನ ಕೋಡಿಗೆ ಬಣ್ಣ ಹಚ್ಚಿ, ಗೊಂಡೆ ಕಟ್ಟಿ ಊರಾಗ ಮೆರಸತಾರಲ್ಲ, ಹಂಗ. ಎಲ್ಲಾರೂ ನೋಡಲಿ ಅಂತ.

ಸರ್ಕಾರಕ್ಕ ಇದು ಸೇರಲಿಲ್ಲ. ಗಾಡಿಯ ಯಾವ ಭಾಗನೂ ಗಾಲಿಯ ಲೋಹದ ಬಳಿಗಿಂತ ಕೆಳಗ ಇರಬಾರದು ಅಂತ ಕ್ಯಾಲಿಫೋರ್ನಿಯಾದಾಗ 1958ರ ಜನವರಿಯಿಂದ ಕಾಯ್ದೆ ಬಂತು. ದಂಡ ಬೀಳಲಿಕ್ಕೆ ಹತ್ತಿತು. ಕತ್ತರಿಸಿದ ಸ್ಪ್ರಿಂಗ್ ಮತ್ತ ಬೆಳೆಯೂದಿಲ್ಲ. ಆವಾಗ ರಾನ್ ಅಗೀರೆ ಅನ್ನೋ ಹುಡುಗ ಅಪ್ಪನ ಸಹಾಯ ತಗೊಂಡು 1959ರ ಹೊತ್ತಿಗೆ ತನ್ನ ಕಾರ್ವೆಟ್ ಗಾಡಿಗೆ ಹೈಡ್ರಾಲಿಕ್ ಕೂಡಿಸಿದ. ಎಣ್ಣಿ ತುಂಬಿದ ಕೊಳವಿ, ಅದನ್ನ ಒತ್ತೋ ಪಂಪು. ಗುಂಡಿ ಒತ್ತಿದ್ರ ಗಾಡಿ ಮ್ಯಾಲೆ ಏಳತದ, ಎಣ್ಣಿ ವಾಪಸ್ ಬಿಟ್ರ ಕೂಡತದ. ಪೊಲೀಸರು ಕಂಡ್ರ ಎತ್ತೂದು, ಅವರು ದಾಟಿಹೋದ್ರ ಇಳಿಸೂದು! ಮುಂದಿನವರು ಯುದ್ಧದಾಗಿನ ಹಳೇ ವಿಮಾನದ ಪಂಪು ಸಾಮಾನು ತಂದು ಇದನ್ನ ಬೆಳಸಿದ್ರು. ಗಾಡಿ ಕುಣಿಸೋ ಆಟ ಮೊದಲಾಗಿದ್ದೂ ಇದರಿಂದನ. ಆದರ ಕಾಯ್ದೆ ತಪ್ಪಿಸಲಿಕ್ಕೆ ಮಾಡಿದ್ದು ಮನಿ ಏರು ಹತ್ತಲಿಕ್ಕೂ ಬಂತು ಅನ್ನೂದು ನಂಗ ಭಾಳ ಸೇರಿತು.

ನಮ್ಮ ಎದುರಿನ ಅಜ್ಜಾರದು 1964ರ ಶೆವ್ರೊಲೆ ಇಂಪಾಲಾ. ಇಂಪಾಲಾ ಬಂದಿದ್ದು 1958ರಾಗ. 64ರ ತನಕದ ಗಾಡಿಗಳ ಕೆಳಗಿನ ಚೌಕಟ್ಟು ಇಂಗ್ಲಿಷ್ ಎಕ್ಸ್ ಅಕ್ಷರದಂಗ, ಅದಕ್ಕ ತಗ್ಗು ಮಾಡಲಿಕ್ಕೆ ಅದ ಬೇಕು ಅಂತಾರ ಈ ಮಂದಿ. ಇವರ ಗಾಡಿಗೆ ಹೈಡ್ರಾಲಿಕ್ ಇಲ್ಲ. ವಯಸ್ಸಿನ್ಯಾಗ ರೊಕ್ಕ ಇರಲಿಲ್ಲ, ಸ್ಪ್ರಿಂಗ್ ಕತ್ತರಿಸಿದ್ರು. ಈಗ ರೊಕ್ಕ ಅದ, ಆದರ ಹೆಂಡತಿ ಬಗ್ಗಿ ನೋಡಿ ಕೈ ಮಾಡೂದು ರೂಢಿ ಆಗಿಬಿಟ್ಟದ ಅಂದ್ರು.

ಈ ಗಾಡಿಗಳ ಮಾಸಪತ್ರಿಕೆ 'ಲೋ ರೈಡರ್' ಸುರುವಾಗಿದ್ದೂ ಇದ ಸ್ಯಾನ್ ಹೋಸೆ ಊರಾಗ, 1977ರಾಗ. ಆದರ ಅದ ಊರಾಗ 1986ರಾಗ ಹಿಂಗ ಸುಮ್ನ ತಿರಗೂದಕ್ಕ ನಿಷೇಧ ಬಂತು. ಮಂದಿ ಕೂಡತಾರ, ಗದ್ದಲಾಗತದ, ಜಗಳಾಗತಾವ ಅಂತ ಕಾರಣ ಕೊಟ್ರು. ಗದ್ದಲ ಆಗತಿರಲಿಲ್ಲ ಅಂತ ಅಜ್ಜಾರೂ ಅನ್ನಲಿಲ್ಲ. "ಆದರ ನಾವು ಮಕ್ಕಳನ್ನ ಕರಕೊಂಡು ಹೋಗತಿದ್ವಿ" ಅಂತಷ್ಟ ಅಂದ್ರು. ಮೂವತ್ತಕ್ಕೂ ಹೆಚ್ಚು ವರ್ಷ ಅವರ ರವಿವಾರದ ಗಾಡಿ ಮನಿ ಮುಂದಿನ ಏರಿನ ಮ್ಯಾಲೆ ನಿಂತಿತ್ತು. ತೊಳೆಯೂದು, ಒರಸೂದು, ಮತ್ತ ಹೊದಿಕಿ ಹಾಕೂದು. 2022ರಾಗ ಊರಿನ ನಿಷೇಧ ತಗದ್ರು. 2024ರ ಜನವರಿ 1ಕ್ಕ ರಾಜ್ಯದಾಗಿನ ಬ್ಯಾರೆ ಊರುಗಳ ನಿಷೇಧಾನೂ ಹೋತು, ಜೋಡೀಲೆ ಆ 1958ರ ತಗ್ಗಿನ ಕಾಯ್ದೆನೂ. ನಾ ನೋಡಿದ್ದು ಅದರ ನಂತರದ ರವಿವಾರಗಳನ್ನ.

ಇನ್ನ ಆ ಅಂಚಿನ ಕಟ್ಟಿ. ಅದು ಭಾಳ ಹಳೇದು. ಕ್ರಿ.ಶ. 79ರಾಗ ಜ್ವಾಲಾಮುಖಿ ಬೂದಿಯೊಳಗ ಹುಗದುಹೋದ ಪಾಂಪೆ ಊರಿನ ರಸ್ತಾಕ್ಕ ಎರಡೂ ಕಡೆ ಎತ್ತರದ ಕಟ್ಟಿ ಅದಾವ. ದಾಟಲಿಕ್ಕೆ ನಡುವ ದಪ್ಪನ ಕಲ್ಲು, ಕಲ್ಲಿನ ನಡುವ ಬಂಡಿ ಗಾಲಿ ಹೋಗಲಿಕ್ಕೆ ಜಾಗ. ಲಂಡನ್ನಿನ್ಯಾಗ 1762ರ ವೆಸ್ಟ್‌ಮಿನ್‌ಸ್ಟರ್ ಕಾಯ್ದೆ ಆದಮ್ಯಾಲೆ ಕಲ್ಲು ಹಾಸಿದ ಫುಟಪಾತು, ಅಂಚುಗಲ್ಲು ರೂಢಿಗೆ ಬಂದ್ವು. ಗಾಡಿ ಕೆಳಗ, ಮನಷ್ಯಾ ಮ್ಯಾಲೆ. ಒಳ್ಳೇದ. ಆದರ ಆ ಮನಷ್ಯಾ ತನ್ನ ಕಾಲ ಮ್ಯಾಲೆ ನಡೆಯಾಂವ ಅಂತ ಹಿಡದು ಕಟ್ಟಿದ್ದು.

ಸ್ಯಾನ್ ಹೋಸೆಯಿಂದ ಗಾಡಿಯೊಳಗ ಒಂದು ತಾಸಿನ ದಾರಿ ಬರ್ಕ್ಲಿ. ಅಲ್ಲಿ ವಿಶ್ವವಿದ್ಯಾಲಯಕ್ಕ 1962ರಾಗ ಎಡ್ ರಾಬರ್ಟ್ಸ್ ಅನ್ನೋ ಹುಡುಗ ಬಂದ. ಪೋಲಿಯೋದಿಂದ ಕುತ್ತಿಗಿ ಕೆಳಗ ಹೆಚ್ಚುಕಡಿಮಿ ಏನೂ ನಡೀತಿರಲಿಲ್ಲ, ರಾತ್ರಿ ಉಸಿರಾಡಲಿಕ್ಕೆ ದೊಡ್ಡ ಕಬ್ಬಿಣದ ಯಂತ್ರದಾಗ ಮಲಗಬೇಕು. ಹಾಸ್ಟೆಲಿನ್ಯಾಗ ಅದನ್ನ ಇಡಲಿಕ್ಕೆ ಆಗಲಿಲ್ಲ ಅಂತ ವಿಶ್ವವಿದ್ಯಾಲಯದ ದವಾಖಾನ್ಯಾಗನ ಇದ್ದು ಓದಿದ. ಅವನೂ ಅವನ ಗೆಳೆಯರೂ ಫುಟಪಾತಿನ ಮೂಲಿ ಕಡದು ಇಳಿಜಾರು ಮಾಡ್ರಿ ಅಂತ ಊರಿನವರಿಗೆ ಬೆನ್ನ ಹತ್ತಿದ್ರು, 1970ರ ದಶಕದ ಸುರುವಿಗೆ ಊರು ಒಪ್ಪಿತು. ಅದಕ್ಕೂ ಮೊದಲು, 1940ರ ದಶಕದಾಗ, ಕಾಲಮಝೂ ಊರಾಗ ಯುದ್ಧದಾಗ ಗಾಯ ಆಗಿ ಬಂದವರ ಸಲುವಾಗಿ ಹಿಂಗ ಮಾಡಿದ್ರಂತ. ಅಮೆರಿಕಾಕ್ಕೆಲ್ಲಾ ಕಾಯ್ದೆ ಆಗಿದ್ದು 1990ರಾಗ. ಈಗ ಮೂಲಿಮೂಲಿಗೆ ಇಳಿಜಾರು ಅದ. ಮಕ್ಕಳ ತಳ್ಳುಗಾಡಿ ಅದರ ಮ್ಯಾಲೇ, ನನ್ನ ಮೊಣಕಾಲೂ ಅದರ ಮ್ಯಾಲೇ.

ಇಷ್ಟೆಲ್ಲಾ ನಾ ಯಾಕ ಕೆದಕಿದೆ ಅಂದ್ರ, ಧಾರವಾಡದಾಗ ನಮ್ಮ ಮನಿ ಮುಂದ ಅದ ಫಜೀತಿ ನಡದಿತ್ತು. ನಮ್ಮ ಮಾವನವರ ಕಾಲದಿಂದ ಗಟಾರದ ಮ್ಯಾಲೆ ಎರಡು ದೊಡ್ಡ ಕಲ್ಲಿನ ಹಾಸು ಇದ್ವು. ಹೊಲದಿಂದ ಜೋಳದ ಚೀಲ ತರೋ ಚಕ್ಕಡಿ ಅದರ ಮ್ಯಾಲೆ ಹಾದು ಒಳಗ ಬರತಿತ್ತು, ಆಮ್ಯಾಲೆ ಸ್ಕೂಟರು, ಆಮ್ಯಾಲೆ ಕಾರು. ನಾ ಅಮೆರಿಕಾಕ್ಕ ಹೊರಡೂ ಮೊದಲ ಅತ್ತಿಯವರು ಬಚ್ಚಲದಾಗ ಬಿದ್ದು ಸೊಂಟದ ಎಲುಬು ಮುರಕೊಂಡು ಗಾಲಿಕುರ್ಚಿಗೆ ಬಂದಿದ್ರು. ಎಂಬತ್ನಾಲ್ಕು ವರ್ಷ. ನನ್ನ ನಾದಿನಿ ಬಂದು ಇದ್ಲು, ಅವಳ ಭರೋಸಾದ ಮ್ಯಾಲೆ ನಾ ಹೋಗಿದ್ದು. ಹೋಗಿ ತಿಂಗಳಾಗಿಲ್ಲ, ಓಣ್ಯಾಗ ಕಾಂಕ್ರೀಟ್ ರಸ್ತಾ ಬಂತು. ಕೆಲಸದವರು ಹಾಸುಗಲ್ಲು ಕಿತ್ತು ಒಡದ್ರು, ಗಟಾರದ ಮ್ಯಾಲೆ ಹೊಸಾ ಮುಚ್ಚಿಗಿ ಹಾಕಿದ್ರು, ಅದು ನಮ್ಮ ಅಂಗಳಕ್ಕಿಂತ ಒಂಬತ್ತು ಇಂಚು ಎತ್ತರ. ಕೇಳಿದ್ರ "ನೀವ ಏರು ಮಾಡಕೋರಿ" ಅಂದ್ರಂತ. ದಿನಾ ಸಂಜಿಕ ಗುಡಿ ತನಕ ತಳ್ಳಿಸಿಕೊಂಡು ಹೋಗತಿದ್ದ ಅತ್ತಿಯವರು ಬಾಗಲದಾಗ ಕೂತು ರಸ್ತಾ ನೋಡೂದಾತು. ಫೋನಿನ್ಯಾಗ ಏನೂ ಅನ್ನತಿರಲಿಲ್ಲ. ಅದ ನಂಗ ಹೆಚ್ಚು ಚುಚ್ಚತಿತ್ತು.

ಅಜ್ಜಾರಿಗೆ ಫೋಟೋ ತೋರಿಸಿದೆ. ನಿಮ್ಮ ಹಲಗಿ ಹಂಗ ನಾವೂ ಇಟ್ಟು ಅಡ್ಡ ತಳ್ಳಿದ್ರ ಹೆಂಗ ಅಂತ ಕೇಳಿದೆ. ಜೋರಾಗಿ ಕೈ ಅಲ್ಲಾಡಿಸಿದ್ರು. ಗಾಡಿ ಅಡ್ಡ ಬರಬಹುದು, ಕುರ್ಚಿ ಅಡ್ಡ ಹೋದ್ರ ಮಗ್ಗಲಿಗೆ ಉರಳತದ, ಅದು ನೆಟ್ಟಗನ ಹೋಗಬೇಕು. ಮತ್ತ ಗಾಡಿಗೆ ಇಂಜಿನ್ ಅದ, ಕುರ್ಚಿಗೆ ಯಾರದೋ ಬೆನ್ನು. ಒಂದು ಇಂಚು ಎತ್ತರಕ್ಕ ಹನ್ನೆರಡು ಇಂಚು ಉದ್ದ ಇರಬೇಕು, ಅಲ್ಲಿಯ ಕಾಯ್ದೆನೂ ಅದನ್ನ ಹೇಳತದ. ಸೀಮೆಸುಣ್ಣದಿಂದ ತಮ್ಮ ಏರಿನ ಮ್ಯಾಲೇ ಬರದು ತೋರಿಸಿದ್ರು. ಒಂಬತ್ತು ಇಂಚಿಗೆ ಒಂಬತ್ತು ಫೂಟು. ನಮ್ಮ ಅಂಗಳ ಹೊಸ್ತಲದಿಂದ ಗೇಟಿನ ತನಕ ಹದಿನಾಲ್ಕು ಫೂಟು. ಗೇಟಿನ ಹತ್ತರ ಕುರ್ಚಿ ನಿಂದ್ರಲಿಕ್ಕೆ ಸಪಾಟು ಜಾಗಾ ಬಿಡ್ರಿ ಅಂತನೂ ಅಂದ್ರು. ನಮ್ಮ ತುಳಸಿಕಟ್ಟಿ ಒಂದ ಅಡ್ಡ ಬರತಿತ್ತು.

ತುಳಸಿಕಟ್ಟಿ ಸರಿಸೂದು ಅಂದ್ರ ಅತ್ತಿಯವರನ್ನ ಕೇಳಬೇಕಲ್ಲ. ನಮ್ಮನಿಯವರು ಹೆದರಕೋತ ಕೇಳಿದ್ರು. "ಸರಸ್ರಿ, ತುಳಸಿ ಎಲ್ಲಿದ್ರೂ ತುಳಸಿನ. ನಾ ಒಬ್ಬಾಕಿನ ಇಲ್ಲೇ ಕೂತೀನಿ" ಅಂದ್ರಂತ. ಗೌಂಡಿ ಎರಡು ದಿನ ಕೆಲಸ ಮಾಡಿದ, ಒಂದು ವಾರ ನೀರು ಹೊಡದು ಹದಾ ಮಾಡಿದ್ರು.

ಅವತ್ತ ಅಲ್ಲಿ ಸಂಜಿ, ಇಲ್ಲಿ ನಸುಕು. ವಿಡಿಯೋದಾಗ ನಾದಿನಿ ಕುರ್ಚಿ ತಳ್ಳಿದ್ಲು, ನಮ್ಮನಿಯವರು ಮುಂದ ನಿಂತು "ಬರ್ಲಿ, ಬರ್ಲಿ" ಅಂತಿದ್ರು. ಗೇಟ್ ದಾಟಿ ರಸ್ತಾಕ್ಕ ಬಂದಮ್ಯಾಲೆ ಅತ್ತಿಯವರು ಸೆರಗು ಸರಿ ಮಾಡಕೊಂಡು ಫೋನ್ ಹತ್ತರ ತರಿಸಿಕೊಂಡ್ರು.

"ಆ ಎದುರು ಮನಿ ಮುದುಕಂದು ಗಾಡಿ ಇವತ್ತ ತಿಕ್ಕದ ಒಳಗ ಹೋತೇನು?" ಅಂತ ಕೇಳಿದ್ರು.