ಜನಜೀವನದ ಚರಿತ್ರೆಗೆ ಛಾಯಾಚಿತ್ರವು ಆಧಾರವಾಗುವ ಬಗೆ

ಶಾಸನವನ್ನಾಗಲಿ ಕಡತವನ್ನಾಗಲಿ ಆಧಾರವಾಗಿ ಸ್ವೀಕರಿಸುವ ಮೊದಲು ಅದರ ಕಾಲ, ಕರ್ತೃ, ಉದ್ದೇಶಗಳನ್ನು ವಿಚಾರಿಸುವುದು ಚರಿತ್ರಕಾರರ ರೂಢಿ. ಛಾಯಾಚಿತ್ರದ ವಿಷಯದಲ್ಲಿ ಈ ವಿಚಾರಣೆ ಸಡಿಲವಾಗುವುದುಂಟು. ಯಂತ್ರವು ಕಂಡುದನ್ನು ಕಂಡಂತೆಯೇ ಹೇಳುತ್ತದೆಂಬ ನಂಬಿಕೆ ಇದಕ್ಕೆ ಕಾರಣ. ಈ ನಂಬಿಕೆಯನ್ನು ನಮ್ಮ ನಾಡಿನ ನಿದರ್ಶನಗಳಿಂದಲೇ ಪರಿಶೀಲಿಸೋಣ.

ಎಡ್ಗರ್ ಥರ್ಸ್ಟನ್ನರು ಕೆ. ರಂಗಾಚಾರಿಯವರ ನೆರವಿನಿಂದ ದಕ್ಷಿಣ ಭಾರತದ ಜಾತಿಗಳನ್ನೂ ಬುಡಕಟ್ಟುಗಳನ್ನೂ ಕುರಿತು ಬರೆದ ಏಳು ಸಂಪುಟಗಳು 1909ರಲ್ಲಿ ಹೊರಬಂದವು. ಮೈಸೂರು ಸಂಸ್ಥಾನದಲ್ಲಿ ಎಚ್. ವಿ. ನಂಜುಂಡಯ್ಯನವರು ಕೈಗೊಂಡಿದ್ದ ಇಂಥದೇ ಸಮೀಕ್ಷೆಯನ್ನು, 1920ರಲ್ಲಿ ಅವರು ನಿಧನರಾದ ತರುವಾಯ, ಎಲ್. ಕೆ. ಅನಂತಕೃಷ್ಣ ಅಯ್ಯರ್ ಅವರು ಪೂರೈಸಿದರು. ಅದು 1928ರಿಂದ 1935ರ ಅವಧಿಯಲ್ಲಿ ನಾಲ್ಕು ಸಂಪುಟಗಳಾಗಿ ಪ್ರಕಟವಾಯಿತು. ಈ ಬಗೆಯ ಗ್ರಂಥಗಳ ಚಿತ್ರಗಳಡಿಯಲ್ಲಿ ಸಾಮಾನ್ಯವಾಗಿ ಕಾಣುವುದು ಜಾತಿಯ ಹೆಸರು, ವ್ಯಕ್ತಿಯ ಹೆಸರಲ್ಲ. ಆದುದರಿಂದ ಬಿಂಬವನ್ನೂ ಅಡಿಬರಹವನ್ನೂ ಎರಡು ಬೇರೆ ಸಾಕ್ಷ್ಯಗಳೆಂದು ಎಣಿಸಬೇಕು. ಮೊದಲನೆಯದು ಎದುರಿಗೆ ನಿಂತವರನ್ನು ಕುರಿತದ್ದು. ಎರಡನೆಯದು ಅವರನ್ನು ನಿಲ್ಲಿಸಿದವರ ದೃಷ್ಟಿಯನ್ನು ಕುರಿತದ್ದು.

ಬಿಂಬವೂ ಪರೀಕ್ಷೆಗೆ ಹೊರತಲ್ಲ. ಆ ಕಾಲದ ಸಾಮಾನ್ಯ ಗಾಜಿನ ಫಲಕಗಳು ನೀಲಿ ಬೆಳಕನ್ನು ಬೇಗ ಗ್ರಹಿಸುತ್ತಿದ್ದವು. ಕೆಂಪನ್ನು ಬಹುಮಟ್ಟಿಗೆ ಗ್ರಹಿಸುತ್ತಲೇ ಇರಲಿಲ್ಲ. ಹೀಗಾಗಿ ನೀಲಿ ಸೀರೆ ಬೆಳ್ಳಗೂ ಕೆಂಪು ಸೀರೆ ಕಪ್ಪಗೂ ಮೂಡುತ್ತಿತ್ತು. ಮೈಬಣ್ಣವೂ ಇದ್ದುದಕ್ಕಿಂತ ಕಪ್ಪಾಗಿ ಕಾಣುತ್ತಿತ್ತು. ಮೂಗು ತಲೆಗಳ ಅಳತೆಯೊಡನೆ ಮೈಬಣ್ಣವನ್ನೂ ಗಣನೆಗೆ ತಂದು ಜನರನ್ನು ವಿಂಗಡಿಸಲೆತ್ನಿಸಿದ ಕಾಲದಲ್ಲಿ ಇದು ಅಲ್ಪ ದೋಷವಲ್ಲ. 1880ರ ದಶಕದಲ್ಲಿ ಒಣ ಫಲಕಗಳು ರೂಢಿಗೆ ಬರುವ ಮುನ್ನ ಹಲವು ಸೆಕೆಂಡುಗಳ ಕಾಲ ಅಲುಗಾಡದೆ ನಿಲ್ಲಬೇಕಾಗುತ್ತಿತ್ತು; ಆ ಬಿಗಿದ ಮುಖದಲ್ಲಿ ಜಾತಿಯ ಸ್ವಭಾವವನ್ನು ಓದುವುದು ಸಲ್ಲದು.

ಹಾಗೆಂದು ಇವುಗಳನ್ನು ತಳ್ಳಿಹಾಕುವಂತಿಲ್ಲ. ತೋರಿಸಬೇಕೆಂದು ಯಾರೂ ಉದ್ದೇಶಿಸದ ಅಂಶಗಳು, ಎಂದರೆ ಹಿನ್ನೆಲೆಯ ಹುಲ್ಲಿನ ಸೂರು, ಅಂಚಿನಲ್ಲಿ ಒರಗಿಸಿದ ನೇಗಿಲು, ಕಾಲಬಳಿಯ ಮಡಕೆ ಇಂಥವು, ಹೆಚ್ಚು ವಿಶ್ವಸನೀಯವೆಂದು ನಮ್ಮ ಅಭಿಪ್ರಾಯ.

ಬೆಂಗಳೂರಿನ ದಕ್ಷಿಣಕ್ಕಿದ್ದ ಅಂಜನಾಪುರದಂಥ ಗ್ರಾಮಗಳು ಇಂದು ನಗರದ ಬಡಾವಣೆಗಳಾಗಿವೆ. ಇಂಥ ಊರುಗಳಲ್ಲಿ ಕೆರೆಯಂಗಳ, ಕಣ, ಗುಂಡುತೋಪುಗಳನ್ನು ಜನರು ಬಳಸುತ್ತಿದ್ದ ರೀತಿಯನ್ನು ತಿಳಿಯಲು ಹಳೆಯ ಮನೆಗಳಲ್ಲಿರುವ ಮದುವೆ, ಜಾತ್ರೆಗಳ ಪಟಗಳು ಸಮೀಕ್ಷೆಯ ಚಿತ್ರಗಳಿಗಿಂತ ಹೆಚ್ಚು ನೆರವಾದಾವು. ಅವುಗಳಲ್ಲಿ ನಿಂತವರ ಹೆಸರು, ನಂಟು, ಸಂದರ್ಭಗಳನ್ನು ಮನೆಯ ಹಿರಿಯರು ಹೇಳಬಲ್ಲರು. ಆ ಹೇಳಿಕೆಯನ್ನು ಗ್ರಾಮನಕ್ಷೆ, ಪಹಣಿಗಳೊಡನೆ ತಾಳೆನೋಡಿ, ಪಟದ ಜೊತೆಯಲ್ಲಿಯೇ ಬರೆದಿಡಬೇಕು. ಹಿರಿಯರು ಇರುವಾಗಲೇ ಆಗಬೇಕಾದ ಕೆಲಸವಿದು. ಪಟವು ಉಳಿದು ಹೆಸರು ಅಳಿದರೆ, ಆ ಜನರನ್ನು ನಾವೂ ಬರಿಯ ಮಾದರಿಗಳನ್ನಾಗಿ ಮಾಡಿದಂತಾಗುವುದು.