ಮಸುಕಾಗುವ ಬಾಣ, ಚಾಂಪಿಯನ್ ರೀಫ್ಸ್‌ನ ಚೌಕ

ಕಂಪ್ಯೂಟರ್ ತೆರೆಯ ಮೇಲೆ ಓಡಾಡುವ ಪುಟ್ಟ ಬಾಣವನ್ನು ತೆಗೆದು, ಅದರ ಜಾಗದಲ್ಲಿ ನವಿಲುಗರಿಯನ್ನೋ ಪೆನ್ಸಿಲನ್ನೋ ಇಟ್ಟುಕೊಳ್ಳುವ ಹವ್ಯಾಸ ಹಲವರಿಗುಂಟು. ಹಳೆಯ ಮಾನಿಟರಿನಲ್ಲಿ ಅಚ್ಚುಕಟ್ಟಾಗಿದ್ದ ಆ ಚಿತ್ರ ಹೊಸ ಲ್ಯಾಪ್‌ಟಾಪಿಗೆ ಬಂದೊಡನೆ ಹಲವು ಬಾರಿ ಒಗೆದ ಬಟ್ಟೆಯಂತೆ ಮಾಸಿಹೋಗುತ್ತದೆ. ತಪ್ಪು ಮೌಸಿನದಲ್ಲ, ನೋಡುವ ಕಣ್ಣಿನದೂ ಅಲ್ಲ. ಅದರ ಬೇರು ಬಾಣದ ಹುಟ್ಟಿನಲ್ಲೇ ಇದೆ.

ಡಗ್ಲಸ್ ಎಂಗೆಲ್‌ಬಾರ್ಟ್ ತಮ್ಮ ಮೌಸನ್ನು ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಸಾರ್ವಜನಿಕವಾಗಿ ತೋರಿಸಿದ್ದು 1968ರ ಡಿಸೆಂಬರ್ 9ರಂದು. ಮುಂದೆ 1973ರಲ್ಲಿ ಜೆರಾಕ್ಸ್ ಸಂಸ್ಥೆ ರೂಪಿಸಿದ ಆಲ್ಟೊ ಕಂಪ್ಯೂಟರಿನಲ್ಲಿ ಬಾಣಕ್ಕೆ ಸಿಕ್ಕ ಜಾಗ 16 ಸಾಲು, ಸಾಲಿಗೆ 16 ಚುಕ್ಕಿ ಮಾತ್ರ. ಇಷ್ಟು ಒರಟಾದ ಚೌಕಳಿಯಲ್ಲಿ ಒಂದು ಅಂಚನ್ನು ನೆಟ್ಟಗೆ, ಇನ್ನೊಂದನ್ನು 45 ಡಿಗ್ರಿ ಓರೆಯಾಗಿ ಎಳೆದರೆ ಬಾಣ ಸ್ಫುಟವಾಗಿ ಕಾಣುತ್ತದೆ. ಇಂದಿಗೂ ಬಾಣ ಓರೆಯಾಗಿರುವುದು ಅಂದಿನ ಬಡ ತೆರೆಯ ನೆನಪಾಗಿ. ನಂತರ ಬಂದ ವಿಂಡೋಸ್‌ನಲ್ಲಿ 32 ಸಾಲಿನ, ಅಂದರೆ 1,024 ಚುಕ್ಕಿಗಳ ಚಿತ್ರವೇ ರೂಢಿಯಾಯಿತು.

ಇಂದಿನ ತೆರೆಗಳಲ್ಲಿ ಚುಕ್ಕಿಗಳು ಬಹಳ ಸಣ್ಣವು. ಚಿತ್ರ ತೀರಾ ಕಿರಿದಾಗಬಾರದೆಂದು ಕಂಪ್ಯೂಟರ್ ಅದನ್ನು ಶೇಕಡಾ 150ರಷ್ಟೋ 200ರಷ್ಟೋ ಹಿಗ್ಗಿಸುತ್ತದೆ. 32 ಚುಕ್ಕಿಯನ್ನು 48ಕ್ಕೆ ಎಳೆದಾಗ ಎರಡರ ಜಾಗದಲ್ಲಿ ಮೂರು ಚುಕ್ಕಿ ತುಂಬಬೇಕು. ನಡುವಿನದಕ್ಕೆ ಅಕ್ಕಪಕ್ಕದ ಬಣ್ಣ ಬೆರೆಸಿ ಕೊಡುವುದರಿಂದ ಕಪ್ಪು ಅಂಚು ಬೂದಿಯಾಗುತ್ತದೆ. ಕಣ್ಣಿಗೆ ಮಾಸಿದಂತೆ ಕಾಣುವುದು ಇದೇ.

ಚೌಕ ದೊಡ್ಡದಾದಷ್ಟೂ ವಿವರ ಕಡಿಮೆ ಎಂಬ ಈ ಪಾಠವನ್ನು ಕೆಜಿಎಫ್‌ನ ನೆಲದಾಳವೂ ಕಂಡಿದೆ. ಚಾಂಪಿಯನ್ ರೀಫ್ಸ್ ಗಣಿಯ ಸುಮಾರು 2.3 ಕಿಲೋಮೀಟರ್ ಆಳದಲ್ಲಿ 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊ ಕಣದ ಸುಳಿವು ಹಿಡಿದರು. 1980ರಲ್ಲಿ ಅಷ್ಟೇ ಆಳದಲ್ಲಿ ಪ್ರೋಟಾನ್ ಕ್ಷಯದ ಹುಡುಕಾಟ ಶುರುವಾಯಿತು. ಸುಮಾರು 140 ಟನ್ ತೂಕದ ಆ ಸಲಕರಣೆಯಲ್ಲಿ ಕಬ್ಬಿಣದ ಹಲಗೆಗಳ ನಡುವೆ ಸುಮಾರು 1,600 ಕೊಳವೆಗಳಿದ್ದವು. ಒಂದೊಂದರ ಅಡ್ಡಳತೆ 10 ಸೆಂಟಿಮೀಟರ್ ಚೌಕ. ಕಣ ಹಾದುಹೋದ ಕೊಳವೆಗಳ ಗುರುತು ಜೋಡಿಸಿ ಅದರ ದಾರಿ ಊಹಿಸಬೇಕಿತ್ತು. ಕೆಲವು ಘಟನೆಗಳು ಪ್ರೋಟಾನ್ ಕ್ಷಯವಿರಬಹುದೆಂದು ತಂಡ ಹೇಳಿತಾದರೂ ಹೊರದೇಶಗಳ ದೊಡ್ಡ ಪ್ರಯೋಗಗಳು ಅದನ್ನು ಕಾಣಲಿಲ್ಲ, ಜಗತ್ತು ಒಪ್ಪಲಿಲ್ಲ. ಒರಟು ಚೌಕದಲ್ಲಿ ಮೂಡಿದ ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ದಾಖಲಾಗದ ವಿವರ ಅದರೊಳಗಿಂದ ಬಾರದು. 2001ರಲ್ಲಿ ಅಲ್ಲಿನ ಚಿನ್ನದ ಗಣಿಗಾರಿಕೆ ನಿಂತಿತು. ನ್ಯೂಟ್ರಿನೊ ಹಿಡಿದ ಕೀರ್ತಿ ಮಾತ್ರ ಉಳಿದಿದೆ.

ಬಾಣದ ಕಾಯಿಲೆಗೆ ಮದ್ದು ಸುಲಭ. ಒಂದೇ ಕರ್ಸರ್ ಕಡತದಲ್ಲಿ 32, 48, 64, 96 ಚುಕ್ಕಿಗಳ ಪ್ರತ್ಯೇಕ ಚಿತ್ರಗಳನ್ನು ಇಡಬಹುದು. ಚಿಕ್ಕದನ್ನು ಹಿಗ್ಗಿಸದೆ, ದೊಡ್ಡ ಅಳತೆಯಲ್ಲಿ ಹೊಸದಾಗಿಯೇ ಬರೆಯಬೇಕು. ಬಾಣದ ಮೊನೆ ಯಾವ ಚುಕ್ಕಿಯೆಂಬುದನ್ನು ಪ್ರತಿ ಅಳತೆಗೂ ಬೇರೆಯಾಗಿ ಗುರುತಿಸಬೇಕು. ಇಲ್ಲವಾದರೆ ಕ್ಲಿಕ್ ಬೇರೆಡೆ ಬೀಳುತ್ತದೆ. ಎರಡು ತೆರೆಗಳಿದ್ದವರು ಎರಡರ ಹಿಗ್ಗಿಸುವ ಪ್ರಮಾಣವನ್ನು ಒಂದೇ ಮಾಡಿ ನೋಡಿದರೆ ದೋಷ ಚಿತ್ರದ್ದೋ ವ್ಯವಸ್ಥೆಯದೋ ತಿಳಿಯುತ್ತದೆ.

ಗಣಿಯಾಳದ ವಿಜ್ಞಾನಿಗಳಿಗೆ ಕಣದ ದಾರಿಯನ್ನು ಮತ್ತೆ ಬರೆಯುವ ಅವಕಾಶವಿರಲಿಲ್ಲ. ನಮ್ಮ ನವಿಲುಗರಿಗೆ ಅದುಂಟು.